ಗಡಿಯಾರ ನೋಡಿದ ಅತ್ತೆ

ಬಸುರಿ ಹೆಣ್ಣಿರುವ ಮನೆಯಲ್ಲಿ ಗಡಿಯಾರಕ್ಕಿಂತ ಪಂಚಾಂಗಕ್ಕೆ ಮರ್ಯಾದೆ ಹೆಚ್ಚು. ಈಗ ನಡೆಯುತ್ತಿರುವುದು ಎಷ್ಟನೆಯ ತಿಂಗಳು, ಸೀಮಂತಕ್ಕೆ ಯಾವ ದಿನ ಪ್ರಶಸ್ತ, ತವರಿಗೆ ಯಾವ ವಾರ ಹೊರಡಬೇಕು, ಹೆರಿಗೆ ಹುಣ್ಣಿಮೆಯ ಈಚೆಗೋ ಆಚೆಗೋ, ಈ ಲೆಕ್ಕಗಳೆಲ್ಲ ಪಂಚಾಂಗವನ್ನು ನಡುವೆ ಇಟ್ಟುಕೊಂಡೇ ನಡೆಯುತ್ತವೆ. ಹೊಟ್ಟೆಯೊಳಗಿನ ಕೂಸಿಗೆ ಮಾತ್ರ ಪಂಚಾಂಗ ಓದಲು ಬಾರದು. ದಿನ ತುಂಬುವ ಮೊದಲೇ ಹೊರಡುತ್ತೇನೆಂದು ಅದು ಹಟ ಹಿಡಿದಾಗ, ಮನೆಯವರು ಕಣ್ಣಿಡಬೇಕಾದುದು ಗೋಡೆಯ ಮೇಲಿನ ಗಡಿಯಾರದ ಕಡೆಗೆ. ಮೈಸೂರಿನ ಸರಸ್ವತೀಪುರಂ ಬಡಾವಣೆಯ ಒಂದು ಮನೆಯಲ್ಲಿ ಒಂದು ಶುಕ್ರವಾರದ ರಾತ್ರಿ ಈ ಮಾತು ಎಲ್ಲರಿಗೂ ಮನದಟ್ಟಾಯಿತು.

ಆ ಮನೆಯಲ್ಲಿ ಭಾನುವಾರ ಸೀಮಂತ. ಸೊಸೆಗೆ ಏಳು ತುಂಬಿ ಎಂಟು ನಡೆಯುತ್ತಿತ್ತು. ವೈದ್ಯೆಯ ಲೆಕ್ಕದಲ್ಲಿ ಅದು ೩೧ನೆಯ ವಾರ. ಶಿವಮೊಗ್ಗದಿಂದ ಬೀಗರು ಶನಿವಾರ ಸಂಜೆ ಬಂದು, ಶಾಸ್ತ್ರ ಮುಗಿಸಿಕೊಂಡು, ಸೋಮವಾರ ಬೆಳಗ್ಗೆ ಮಗಳನ್ನು ಕರೆದುಕೊಂಡು ಹೊರಡುವುದೆಂದು ಗೊತ್ತಾಗಿತ್ತು. ಅತ್ತೆಯ ಓರಗಿತ್ತಿ, ಮನೆಮಂದಿಗೆಲ್ಲ ದೊಡ್ಡಮ್ಮನಾದ ಆಕೆ, ಎರಡು ದಿನ ಮುಂಚೆಯೇ ನಂಜನಗೂಡಿನಿಂದ ಬಂದು ಅಡಿಗೆಮನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದರು. ಚಕ್ಕುಲಿ ಡಬ್ಬಿ ತುಂಬಿತ್ತು; ರವೆಯುಂಡೆ ತಟ್ಟೆಯಲ್ಲಿ ಆರುತ್ತಿತ್ತು. ಹಸಿರು ಗಾಜಿನ ಬಳೆಗಳ ಪೆಟ್ಟಿಗೆ ದೇವರ ಮುಂದೆ ಕುಳಿತಿತ್ತು.

ಸೊಸೆ ಪ್ರೌಢಶಾಲೆಯ ಉಪಾಧ್ಯಾಯಿನಿ. ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಕರಿಹಲಗೆಯ ಮೇಲೆ ಮನುಷ್ಯದೇಹದ ಚಿತ್ರ ಬರೆದು ಒಂದೊಂದು ಅಂಗದ ಕೆಲಸವನ್ನೂ ನಿಸ್ಸಂಕೋಚವಾಗಿ ವಿವರಿಸಬಲ್ಲವಳು. ಆದರೆ ತನ್ನದೇ ದೇಹ ಆ ದಿನ ಮಧ್ಯಾಹ್ನದಿಂದ ಹೇಳುತ್ತಿದ್ದ ಮಾತನ್ನು ಮನೆಯವರ ಮುಂದೆ ಆಡಲು ಅವಳಿಗೆ ನಾಲಗೆ ಏಳಲಿಲ್ಲ. ಮೊದಲು ಸೊಂಟದ ಕೆಳಗೆ ಒಂದು ಮಂದವಾದ ನೋವು. ಶಾಲೆಯಲ್ಲಿ ಬಹಳ ಹೊತ್ತು ನಿಂತದ್ದರಿಂದ ಇರಬೇಕೆಂದುಕೊಂಡಳು. ಸಂಜೆಯ ಹೊತ್ತಿಗೆ ಹೊಟ್ಟೆಯ ಕೆಳಭಾಗ ಭಾರವಾಗಿ, ಕೂಸು ಕೆಳಗೆ ಒತ್ತುತ್ತಿರುವಂತೆ ತೋರಿತು. ಆಮೇಲೆ ನಡುನಡುವೆ ಹೊಟ್ಟೆಯೆಲ್ಲ ಕಲ್ಲಿನಂತೆ ಗಟ್ಟಿಯಾಗುವುದು, ಅರ್ಧ ಮುಕ್ಕಾಲು ನಿಮಿಷ ಹಾಗೆಯೇ ನಿಂತು ಮತ್ತೆ ಸಡಿಲವಾಗುವುದು. ಸಹಿಸಲಾರದ ನೋವೇನೂ ಅಲ್ಲ. ಅಷ್ಟರಿಂದಲೇ ಅವಳು ಮೋಸಹೋದಳು. ಪ್ರಸವವೇದನೆಯೆಂದರೆ ಚಲನಚಿತ್ರದಲ್ಲಿ ತೋರಿಸುವಂತೆ ಹೆಂಗಸು ಚೀರಿ ಮಂಚದ ಸರಳು ಹಿಡಿದುಕೊಳ್ಳುವ ಸಂಗತಿಯೆಂದು ಓದಿದವರೂ ನಂಬಿರುತ್ತಾರೆ. ದಿನ ತುಂಬದೆ ಬರುವ ನೋವು ಎಷ್ಟೋ ವೇಳೆ ಕಳ್ಳನಂತೆ ಬರುತ್ತದೆ, ಸದ್ದಿಲ್ಲದೆ, ಹಿಂಬಾಗಿಲಿನಿಂದ.

ರಾತ್ರಿ ಒಂಬತ್ತು ಗಂಟೆಗೆ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕಟ್ಟೆಗೆ ಕೈಯೂರಿ ನಿಂತಳು. ಅತ್ತೆ ನೋಡಿದರು.

"ಏನಮ್ಮಾ?"

"ಏನಿಲ್ಲ ಅತ್ತೆ."

ನಮ್ಮ ಹೆಣ್ಣುಮಕ್ಕಳ ನಿಘಂಟಿನಲ್ಲಿ ಈ 'ಏನಿಲ್ಲ' ಎಂಬುದರಷ್ಟು ಅರ್ಥಭಾರವುಳ್ಳ ಶಬ್ದ ಇನ್ನೊಂದಿಲ್ಲ. ಹಸಿವಿಗೂ ಅದೇ ಮಾತು, ಅಳುವಿಗೂ ಅದೇ ಮಾತು, ಜ್ವರಕ್ಕೂ ಅದೇ. ಮದುವೆಯ ಮನೆಯಲ್ಲಿ, ಹಬ್ಬದ ದಿನ, ನೆಂಟರು ಬಂದಾಗ ಆ ಮಾತಿನ ಬಳಕೆ ಇನ್ನೂ ಹೆಚ್ಚು. ತನ್ನೊಬ್ಬಳಿಂದ ನಾಲ್ಕು ಜನರಿಗೆ ಗಾಬರಿಯಾಗಬಾರದು, ಸಂಭ್ರಮಕ್ಕೆ ಭಂಗ ಬರಬಾರದು ಎಂಬ ಸಂಕೋಚ ಅದರ ಹಿಂದೆ ಇರುತ್ತದೆ. ಆ ಸಂಕೋಚವನ್ನು ಹಿರಿಯರು ಸದ್ಗುಣವೆಂದು ಹೊಗಳುತ್ತ ಬಂದಿದ್ದಾರೆ. ಅದಕ್ಕೆ ತೆರುವ ಬೆಲೆಯನ್ನು ಲೆಕ್ಕಹಾಕಿದವರು ಕಡಿಮೆ.

ದೊಡ್ಡಮ್ಮನವರು ಸಂಗತಿ ಕೇಳಿ ನಕ್ಕುಬಿಟ್ಟರು. "ವಾಯು ಕಣೇ. ಬೆಳಗ್ಗಿನಿಂದ ಕಡಲೆಹಿಟ್ಟಿನ ವಾಸನೆ, ಎಣ್ಣೆಯ ಹೊಗೆ. ಒಂದು ಲೋಟ ಜೀರಿಗೆ ಕಷಾಯ ಕುಡಿದರೆ ಸರಿಹೋಗುತ್ತೆ. ಈಗಲೇ ಎಲ್ಲಿ ಬರಬೇಕು ನೋವು? ಇದು ಸುಳ್ಳುನೋವು" ಎಂದರು. ಮಗನೂ ಅದೇ ಅಭಿಪ್ರಾಯದವನು. "ಹೇಗೂ ನಾಳೆ ಬೆಳಗ್ಗೆ ಡಾಕ್ಟರ್ ಸಿಗ್ತಾರಲ್ಲಮ್ಮ. ಈಗ ಹೋಗಿ ಏನೂ ಇಲ್ಲ ಅಂತ ವಾಪಸ್ ಕಳಿಸಿದರೆ?" ಎಂದನು.

ದೊಡ್ಡಮ್ಮನವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ಸುಳ್ಳುನೋವು ಎಂಬುದು ನಿಜವಾಗಿಯೂ ಉಂಟು. ಗರ್ಭಾಶಯ ಹೆರಿಗೆಗೆ ಮುನ್ನ ಆಗಾಗ ಬಿಗಿದು ಸಡಿಲವಾಗಿ ಅಭ್ಯಾಸ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೆ ತಾಳವಿಲ್ಲ. ಒಮ್ಮೆ ಬಂದರೆ ಮತ್ತೆ ಯಾವಾಗ ಬಂದೀತೋ ಹೇಳಲಾಗದು. ನೀರು ಕುಡಿದು, ಮೂತ್ರಕ್ಕೆ ಹೋಗಿಬಂದು, ಎಡಮಗ್ಗುಲಾಗಿ ಮಲಗಿದರೆ ಸಾಮಾನ್ಯವಾಗಿ ಅಡಗುತ್ತದೆ. ನಿಜವಾದ ನೋವಿಗೆ ತಾಳವುಂಟು. ಅದು ಹೇಳಿದ ಹೊತ್ತಿಗೆ ಬರುತ್ತದೆ, ಬರಬರುತ್ತ ಹತ್ತಿರವಾಗುತ್ತದೆ, ಮಗ್ಗುಲು ಬದಲಿಸಿದರೂ ಜಗ್ಗುವುದಿಲ್ಲ. ಈ ಭೇದವನ್ನು ಕಷಾಯ ತಿಳಿಸಲಾರದು. ಕೈ ಮತ್ತು ಗಡಿಯಾರ ತಿಳಿಸುತ್ತವೆ. ಅವುಗಳಿಗೂ ಸಂದೇಹ ಉಳಿದರೆ ನಿರ್ಣಯ ಆಸ್ಪತ್ರೆಯಲ್ಲೇ ಆಗಬೇಕು.

ಅತ್ತೆ ಯಾರೊಡನೆಯೂ ವಾದಿಸಲಿಲ್ಲ. ಸೊಸೆಯನ್ನು ಒಳಕೋಣೆಗೆ ಕರೆದೊಯ್ದು ಎರಡು ಲೋಟ ನೀರು ಕುಡಿಸಿ ಎಡಮಗ್ಗುಲಾಗಿ ಮಲಗಿಸಿದರು. ಪಕ್ಕದಲ್ಲಿ ಕುಳಿತು, ಅಂಗೈಯನ್ನು ಅವಳ ಹೊಟ್ಟೆಯ ಮೇಲೆ ಹಗುರವಾಗಿ ಇಟ್ಟು, ಗೋಡೆಯ ಗಡಿಯಾರದ ಕಡೆಗೆ ನೋಡತೊಡಗಿದರು. ಒಂಬತ್ತು ಇಪ್ಪತ್ತಕ್ಕೆ ಹೊಟ್ಟೆ ಗಟ್ಟಿಯಾಯಿತು. ಒಂಬತ್ತು ಮೂವತ್ತಕ್ಕೆ ಮತ್ತೆ. ಒಂಬತ್ತು ಮೂವತ್ತೊಂಬತ್ತಕ್ಕೆ ಮತ್ತೆ. ನಲವತ್ತೆಂಟಕ್ಕೆ ಮತ್ತೊಮ್ಮೆ. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ನಾಲ್ಕು ಸಲ. ಅತ್ತೆ ಎದ್ದು ಹೊರಗೆ ಬಂದರು.

"ಡಾಕ್ಟರಿಗೆ ಈಗಲೇ ಫೋನು ಮಾಡು."

"ಸುಮ್ಮನೆ ಹೋಗಿ ಬಂದ ಹಾಗಾದರೆ ಅಮ್ಮ?"

"ಹಾಗಾದರೆ ನಮ್ಮ ಪುಣ್ಯ. ಬಂದು ಗಣಪತಿಗೆ ಒಂದು ಕಾಯಿ ಒಡೆದು ಮಲಗೋಣ."

ಅಷ್ಟರಲ್ಲಿ ದೊಡ್ಡಮ್ಮನವರ ಮುಖವೂ ಬಾಡಿತ್ತು. "ಏಳಾದರೂ ಚೆನ್ನಾಗಿತ್ತು. ಎಂಟು ಅಂದರೆ..." ಎಂದು ಆರಂಭಿಸಿದವರು ಅತ್ತೆಯ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದರು.

ನಿಲ್ಲಿಸಿದ ಆ ಮಾತು ಬಹಳ ಹಳೆಯದು. ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕೀತು, ಎಂಟಕ್ಕೆ ಹುಟ್ಟಿದ್ದು ಬದುಕದು ಎಂಬ ನಂಬಿಕೆ ನಮ್ಮ ಅಜ್ಜಿಯರ ಕಟ್ಟುಕತೆಯಲ್ಲ. ಎಂಟನೆಯ ತಿಂಗಳಲ್ಲಿ ಓಜಸ್ಸು ನೆಲೆ ನಿಂತಿರುವುದಿಲ್ಲ, ಆಗ ಹುಟ್ಟಿದ ಶಿಶು ಜೀವಿಸದು ಎಂಬ ಅಭಿಪ್ರಾಯ ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿಯೇ ಇದೆ. ಪ್ರಾಚೀನ ಗ್ರೀಸ್ ದೇಶದಲ್ಲಿಯೂ ಇಂತಹುದೇ ನಂಬಿಕೆಯಿತ್ತು; ಹಿಪೊಕ್ರಾಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವನ್ನು ಕುರಿತು ಒಂದು ಪ್ರಬಂಧವೇ ಉಂಟು. ಎರಡು ನಾಗರಿಕತೆಗಳ ಹಿರಿಯರು ಹೇಳಿದ್ದಾದರೂ ಈ ಮಾತು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಎಂಟರ ಕೂಸು ಏಳರ ಕೂಸಿಗಿಂತ ಬಲಿಷ್ಠ. ಒಂಬತ್ತರದು ಎಂಟರದಕ್ಕಿಂತ ಬಲಿಷ್ಠ. ನಂಬಿಕೆಯಿಂದಾಗುವ ಕೇಡು ಇಮ್ಮಡಿ. ಏಳರಲ್ಲಿ ನೋವು ಬಂದರೆ 'ಹೇಗೂ ಬದುಕುತ್ತದೆ' ಎಂದು ಕುಳಿತುಕೊಳ್ಳುತ್ತಾರೆ. ಎಂಟರಲ್ಲಿ ಬಂದರೆ 'ಹೇಗೂ ಉಳಿಯದು' ಎಂದು ಕುಳಿತುಕೊಳ್ಳುತ್ತಾರೆ. ಎರಡು ಸಲವೂ ಕುಳಿತೇ ಇರುತ್ತಾರೆ.

ವೈದ್ಯೆ ಫೋನಿನಲ್ಲಿ ಮೂರೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತಿಗೊಮ್ಮೆ ಬಿಗಿಯುತ್ತಿದೆ? ನೀರು ಅಥವಾ ರಕ್ತ ಏನಾದರೂ ಹೋಗಿದೆಯೇ? ಮಗು ಆಡುತ್ತಿದೆಯೇ? ಮೊದಲನೆಯ ಪ್ರಶ್ನೆಗೆ ಅತ್ತೆ ನಿಮಿಷಗಳ ಸಹಿತ ಉತ್ತರ ಕೊಟ್ಟಾಗ ಆಕೆ ಮತ್ತೆ ಮಾತು ಬೆಳೆಸಲಿಲ್ಲ. "ನನ್ನ ನರ್ಸಿಂಗ್ ಹೋಮಿಗೆ ತರಬೇಡಿ. ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಘಟಕವಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ. ನಾನು ಅಲ್ಲಿಗೆ ಹೇಳಿರುತ್ತೇನೆ" ಎಂದರು.

ಈ ಮಾತಿನ ಮಹತ್ತ್ವವನ್ನು ಎಲ್ಲ ಮನೆಗಳೂ ತಿಳಿದಿರಬೇಕು. ದಿನ ತುಂಬದ ಕೂಸು ಚಿಕ್ಕ ಆಸ್ಪತ್ರೆಯಲ್ಲಿ ಹುಟ್ಟಿ, ಅನಂತರ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಪಯಣಿಸುವುದಕ್ಕಿಂತ, ತಾಯಿಯ ಹೊಟ್ಟೆಯಲ್ಲಿದ್ದುಕೊಂಡೇ ಅಲ್ಲಿಗೆ ಹೋಗುವುದು ಸಾವಿರ ಪಾಲು ಲೇಸು. ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಎಷ್ಟೇ ಬರಲಿ, ತಾಯಿಯ ಗರ್ಭಕ್ಕೆ ಸಮನಾದ ವಾಹನವನ್ನು ಯಾರೂ ಇನ್ನೂ ಮಾಡಿಲ್ಲ.

ಪಕ್ಕದ ಮನೆಯವರು ಕಾರು ತೆಗೆದರು. ಅವರು ಊರಲ್ಲಿರದಿದ್ದರೆ ೧೦೮ಕ್ಕೆ ಫೋನು ಮಾಡುವುದಿತ್ತು. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳು, ರಕ್ತಪರೀಕ್ಷೆಯ ಚೀಟಿಗಳು ಒಂದೇ ಚೀಲದಲ್ಲಿದ್ದವು. ಅತ್ತೆ ಅದನ್ನು ಹೆಗಲಿಗೆ ಹಾಕಿಕೊಂಡರು. ಹೊರಡುವಾಗ ಸೊಸೆ ಅವರ ಕೈ ಹಿಡಿದುಕೊಂಡು, "ಅತ್ತೆ, ನಾನೇನು ತಪ್ಪು ಮಾಡಿದೆ? ಮಹಡಿ ಹತ್ತಬಾರದಿತ್ತೇ?" ಎಂದಳು.

"ನೀನು ಏನೂ ತಪ್ಪು ಮಾಡಿಲ್ಲ ಮಗೂ. ಹೇಳಲಿಲ್ಲ, ಅದೊಂದೇ. ಈಗ ಹೇಳಿದೆಯಲ್ಲ" ಎಂದರು ಅತ್ತೆ.

ದಿನಕ್ಕೆ ಮುಂಚೆ ನೋವು ಬಂದ ಹೆಂಗಸನ್ನು ಸುತ್ತಮುತ್ತಲಿನವರು ಕೇಳುವ ಪ್ರಶ್ನೆಗಳಿಗೆ ಕೊನೆಯಿಲ್ಲ. ಪರಂಗಿಹಣ್ಣು ತಿಂದಳೋ, ಮೆಟ್ಟಿಲು ಹತ್ತಿದಳೋ, ಗ್ರಹಣ ನೋಡಿದಳೋ! ಅವಳಿ ಮಕ್ಕಳು, ಹಿಂದೊಮ್ಮೆ ದಿನಕ್ಕೆ ಮುಂಚೆ ಆದ ಹೆರಿಗೆ, ಮೂತ್ರದ ಸೋಂಕು, ರಕ್ತದ ಒತ್ತಡ, ಗರ್ಭಕೊರಳಿನ ದುರ್ಬಲತೆ, ಇವೆಲ್ಲ ಕಾರಣಗಳಾಗಬಲ್ಲವು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಎಷ್ಟೋ ಹೆಂಗಸರಲ್ಲಿ ಈ ಯಾವ ಕಾರಣವೂ ಸಿಕ್ಕುವುದಿಲ್ಲ. ಇದು ಅಪರೂಪದ ಸಂಗತಿಯೂ ಅಲ್ಲ. ೩೭ ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅಕಾಲಪ್ರಸವವೆಂದು ಎಣಿಸುತ್ತಾರೆ. ೨೦೨೦ರಲ್ಲಿ ಪ್ರಪಂಚದಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು ೧ ಕೋಟಿ ೩೪ ಲಕ್ಷ; ಅಂದರೆ ಹತ್ತು ಮಕ್ಕಳಲ್ಲಿ ಒಂದು. ಅವರಲ್ಲಿ ೩೦ ಲಕ್ಷಕ್ಕೂ ಹೆಚ್ಚು ಮಕ್ಕಳು ಭಾರತದಲ್ಲಿಯೇ ಹುಟ್ಟಿದರು. ಇಷ್ಟು ತಾಯಂದಿರೆಲ್ಲ ಪರಂಗಿಹಣ್ಣು ತಿಂದವರೆಂದು ಯಾರೂ ಹೇಳಲಾರರು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಕಿರಿಯ ವೈದ್ಯೆ ಹೊರಗೆ ಬಂದು, ಗರ್ಭಕೊರಳು ೩ ಸೆಂಟಿಮೀಟರಿನಷ್ಟು ತೆರೆದಿದೆಯೆಂದರು. ಸುಳ್ಳುನೋವಲ್ಲ. ಹೆರಿಗೆಯನ್ನು ತಿಂಗಳುಗಟ್ಟಲೆ ತಡೆಯುವ ಮದ್ದು ಇಲ್ಲ. ಎರಡು ದಿನ ಮುಂದೂಡಲು ಮಾತ್ರ ಪ್ರಯತ್ನಿಸಬಹುದು. ಗರ್ಭಾಶಯದ ಬಿಗಿತವನ್ನು ತಗ್ಗಿಸುವ ಗುಳಿಗೆ ಕೊಟ್ಟರು. ರಾತ್ರಿ ಹನ್ನೊಂದೂವರೆಗೆ ಡೆಕ್ಸಾಮೆಥಾಸೋನ್ ಎಂಬ ಔಷಧದ ಮೊದಲ ಸೂಜಿ ಹಾಕಿದರು. ಹನ್ನೆರಡು ಗಂಟೆಗೊಂದರಂತೆ ಇಂತಹವು ನಾಲ್ಕು. ಒಂದೊಂದೂ ೬ ಮಿಲಿಗ್ರಾಂ. "ಎರಡು ದಿನದಲ್ಲಿ ಏನಾಗುತ್ತೆ ಡಾಕ್ಟರ್?" ಎಂದು ಮಗ ಕೇಳಿದನು. "ಮಗು ಉಸಿರಾಡಲು ಕಲಿಯುತ್ತೆ" ಎಂದರು ವೈದ್ಯೆ.

ಈ ಉತ್ತರದ ಹಿಂದೆ ದೀರ್ಘವಾದ ಇತಿಹಾಸವಿದೆ. ನಮ್ಮ ಶ್ವಾಸಕೋಶದೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಗಾಳಿಚೀಲಗಳುಂಟು. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಉಸಿರು ಬಿಟ್ಟಾಗ ಅವುಗಳ ಗೋಡೆಗಳು ಅಂಟಿಕೊಂಡುಬಿಡಬಾರದು. ಅದಕ್ಕಾಗಿ ಪ್ರಕೃತಿ ಒಳಗೆ ಒಂದು ಜಾರುವ ಲೇಪ ಹಚ್ಚಿರುತ್ತದೆ. ಆ ಲೇಪ ಗರ್ಭದಲ್ಲಿ ಕೊನೆಯ ತಿಂಗಳುಗಳಲ್ಲಿಯೇ ಸಾಕಷ್ಟು ಸಿದ್ಧವಾಗುವುದು. ದಿನ ತುಂಬದೆ ಹುಟ್ಟಿ ಉಸಿರುಗಟ್ಟಿ ಸಾಯುವ ಕೂಸುಗಳಲ್ಲಿ ಇದರ ಕೊರತೆಯಿರುವುದನ್ನು ೧೯೫೯ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಎಂಬ ವಿಜ್ಞಾನಿಗಳು ತೋರಿಸಿದರು. ಆದರೆ ಕಾರಣ ತಿಳಿದ ಮಾತ್ರಕ್ಕೆ ಉಪಾಯ ದೊರಕಲಿಲ್ಲ. ೧೯೬೩ರ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿದನು. ತೂಕ ಎರಡು ಕಿಲೋಗ್ರಾಮಿಗೂ ಮಿಗಿಲಾಗಿತ್ತು. ತಾಯಿಯನ್ನು ಆಸ್ಪತ್ರೆಗೆ ಒಯ್ಯಲು ಹೆಲಿಕಾಪ್ಟರ್ ಇತ್ತು, ನೋಡಿಕೊಳ್ಳಲು ಬಾಸ್ಟನ್ನಿನ ಹೆಸರಾಂತ ವೈದ್ಯರಿದ್ದರು. ಆದರೂ ಕೂಸು ೩೯ ಗಂಟೆ ಬದುಕಿ ತೀರಿಕೊಂಡಿತು. ಅಂದಿನ ವೈದ್ಯರ ಕೈಯಲ್ಲಿ ಆ ಲೇಪಕ್ಕೆ ಬದಲಾಗಿ ಕೊಡುವಂತಹುದು ಏನೂ ಇರಲಿಲ್ಲ.

ಉಪಾಯ ಹೊಳೆದುದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ, ಅದೂ ಒಂದು ಕುರಿಮರಿಯಿಂದ. ಹೆರಿಗೆ ಹೇಗೆ ಆರಂಭವಾಗುತ್ತದೆಂದು ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು, ಸ್ಟೀರಾಯಿಡ್ ಔಷಧ ಪಡೆದು ಅವಧಿಗೆ ಬಹಳ ಮುಂಚೆ ಹುಟ್ಟಿದ ಮರಿಯೊಂದು, ಸತ್ತಿರಬೇಕಾಗಿದ್ದುದು, ಉಸಿರಾಡುತ್ತಿರುವುದನ್ನು ಕಂಡರು. ಮಕ್ಕಳ ವೈದ್ಯ ರಾಸ್ ಹೋವಿಯವರೊಡನೆ ಸೇರಿ ೨೮೨ ತಾಯಂದಿರಲ್ಲಿ ಅದನ್ನು ಪರೀಕ್ಷಿಸಿ, ೧೯೭೨ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಗೆ ಕೊಟ್ಟ ಔಷಧ ಕೂಸಿನ ಶ್ವಾಸಕೋಶವನ್ನು ಬೇಗ ಮಾಗಿಸುತ್ತದೆಂದು ಸಿದ್ಧವಾಯಿತು. ಬಡದೇಶಗಳ ಆಸ್ಪತ್ರೆಗಳಲ್ಲಿಯೂ ಇದು ಫಲ ಕೊಡುವುದೇ ಎಂಬ ಸಂದೇಹ ಬಹುಕಾಲ ಉಳಿದಿತ್ತು. ಅದನ್ನು ನೀಗಲು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ೨೮೫೨ ತಾಯಂದಿರನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದರು. ೨೦೨೦ರಲ್ಲಿ ಅದರ ಫಲಿತಾಂಶ ಹೊರಬಂದಿತು. ಔಷಧವಿಲ್ಲದವರಲ್ಲಿ ನೂರಕ್ಕೆ ೨೩.೫ರಷ್ಟಿದ್ದ ಶಿಶುಮರಣ ಔಷಧ ಪಡೆದವರಲ್ಲಿ ೧೯.೬ರಷ್ಟಿತ್ತು. ೨೪ರಿಂದ ೩೪ ವಾರಗಳ ನಡುವೆ ನೋವು ಕಾಣಿಸಿಕೊಂಡರೆ, ಹಳ್ಳಿಯ ಆರೋಗ್ಯ ಸಹಾಯಕಿಯೂ ಮೊದಲ ಸೂಜಿ ಹಾಕಿಯೇ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದೆಂದು ಭಾರತ ಸರ್ಕಾರ ೨೦೧೪ರಲ್ಲಿಯೇ ಸೂಚನೆ ಹೊರಡಿಸಿತ್ತು.

ಈ ಔಷಧ ದುಬಾರಿಯಲ್ಲ. ಅದು ಕೇಳುವುದು ಹಣಕ್ಕಿಂತ ಹೆಚ್ಚಾಗಿ ಕಾಲವನ್ನು. ಸೂಜಿ ಹಾಕಿದ ಮೇಲೆ ಕೆಲವು ಗಂಟೆಗಳಾದರೂ ಬೇಕು. ಒಂದು ದಿನ ದೊರೆತರೆ ಪೂರ್ಣ ಫಲ. ಆ ಗಂಟೆಗಳನ್ನು ವೈದ್ಯರು ಗುಳಿಗೆಯಿಂದ ಸ್ವಲ್ಪ ಎಳೆದಾರು. ಮಿಕ್ಕುದನ್ನು ಮನೆಯವರೇ ತಂದುಕೊಡಬೇಕು. 'ಬೆಳಗ್ಗೆ ನೋಡೋಣ' ಎಂದು ಮಲಗಿದ ರಾತ್ರಿ ಮತ್ತೆ ಯಾವ ಅಂಗಡಿಯಲ್ಲಿಯೂ ದೊರೆಯದು.

ನಡುರಾತ್ರಿ ದಾಟಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ತಾಯಿ ಮಗ ಇಬ್ಬರೇ ಕುಳಿತಿದ್ದರು. ಮಗನೇ ಮಾತೆತ್ತಿದನು.

"ನಿನಗೆ ಅದು ಹೇಗಮ್ಮ ಗೊತ್ತಾಯಿತು, ಗಡಿಯಾರ ನೋಡಬೇಕು ಅಂತ?"

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನಗಿಂತ ಮೊದಲು ಒಬ್ಬ ಇದ್ದ ಕಣೋ" ಎಂದರು.

ಮಗನಿಗೆ ಅದುವರೆಗೆ ಗೊತ್ತಿರಲಿಲ್ಲ. ಮಲೆನಾಡಿನ ಹಳ್ಳಿಮನೆ. ಅತ್ತೆ ಮಾವ, ಮೈದುನರು, ಮನೆತುಂಬ ಜನ. ಮರುದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಆಗಲೂ ಎಂಟನೆಯ ತಿಂಗಳೇ. ಹೀಗೆಯೇ ಸೊಂಟನೋವು, ಹೀಗೆಯೇ ಹೊಟ್ಟೆ ಬಿಗಿಯುವುದು. ಹೊಸ ಸೊಸೆ ಯಾರಿಗೂ ಹೇಳದೆ ರಾತ್ರಿಯೆಲ್ಲ ಕತ್ತಲಲ್ಲಿ ಮಲಗಿ, ನಡುಮನೆಯ ದೊಡ್ಡ ಗಡಿಯಾರ ಹೊಡೆಯುವುದನ್ನು ಕೇಳುತ್ತಿದ್ದಳು. ಒಂದೊಂದು ಗಂಟೆ ಹೊಡೆಯುವುದರೊಳಗೆ ನೋವು ಎಷ್ಟು ಸಲ ಬಂತೆಂದು ಎಣಿಸಿದ್ದು ಅವಳಿಗೆ ಇಂದಿಗೂ ನೆನಪಿದೆ. ಬೆಳಗಿನ ಜಾವ ಅತ್ತೆಯನ್ನು ಎಬ್ಬಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಒಂದು ಹಗಲು ಇತ್ತು. ಅದನ್ನು ತಾಯಿಯ ಕೈಗೆ ಕೊಡಲಿಲ್ಲ. ಕೊಟ್ಟರೆ ಮಮತೆ ಅಂಟಿಕೊಳ್ಳುತ್ತದೆಂದು ಹಿರಿಯರು ಹೇಳಿದರು.

"ಯಾರೂ ನನ್ನನ್ನು ಬಯ್ಯಲಿಲ್ಲ. ಎಂಟನೇ ತಿಂಗಳು, ಉಳಿಯುತ್ತಿರಲಿಲ್ಲ ಅಂತಲೇ ಸಮಾಧಾನ ಹೇಳಿದರು. ಆದರೆ ಆ ರಾತ್ರಿ ನಾನು ಎಣಿಸಿದ್ದೆನಲ್ಲ. ಎಣಿಸಿದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ" ಎಂದರು ತಾಯಿ.

ಶನಿವಾರ ಕಳೆಯಿತು. ಶಿವಮೊಗ್ಗದ ಬೀಗರು ನೇರವಾಗಿ ಆಸ್ಪತ್ರೆಗೇ ಬಂದರು. ಭಾನುವಾರ ಹನ್ನೊಂದೂವರೆಗೆ ನಾಲ್ಕನೆಯ ಸೂಜಿಯೂ ಆಯಿತು. ಪುರೋಹಿತರು ಇಟ್ಟುಕೊಟ್ಟ ಸೀಮಂತದ ಮುಹೂರ್ತವೂ ಹೆಚ್ಚುಕಡಿಮೆ ಅದೇ. ಸಂಜೆಗೆ ನೋವು ಮತ್ತೆ ಬಲವಾಯಿತು. ಕೂಸಿನ ಮಿದುಳಿಗೆ ರಕ್ಷಣೆಯಾಗಲೆಂದು ಮೆಗ್ನೀಸಿಯಂ ಸಲ್ಫೇಟ್ ಔಷಧವನ್ನು ತಾಯಿಗೆ ಕೊಟ್ಟರು. ಸೋಮವಾರ, ಬೆಳಕು ಹರಿಯುವ ಮುನ್ನ, ಹೆಣ್ಣುಮಗು ಹುಟ್ಟಿತು. ತೂಕ ೧೪೫೦ ಗ್ರಾಂ. ಬೆಕ್ಕಿನ ಮರಿಯ ಕೂಗಿನಂತಿದ್ದ ಆ ಅಳುವನ್ನು ಬಾಗಿಲ ಹೊರಗೆ ನಿಂತಿದ್ದವರೆಲ್ಲ ಕೇಳಿದರು. ಅಳುವುದೆಂದರೆ ಉಸಿರಾಡುವುದೆಂದು ಆಗ ಎಲ್ಲರಿಗೂ ತಿಳಿದಿತ್ತು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮೂಗಿನ ಮೂಲಕ ಗಾಳಿ ಒತ್ತಿ ಕೊಡುವ ಯಂತ್ರ, ಹೊಟ್ಟೆಗೆ ಹಾಲಿಳಿಸುವ ಕೊಳವೆ, ಒಂದು ದಿನ ತೂಕ ಏರಿದರೆ ಮತ್ತೊಂದು ದಿನ ಇಳಿಯುವುದು, ಸೋಂಕಿನ ಭಯ. ಉಸಿರಾಟ ಹದಕ್ಕೆ ಬಂದ ಮೇಲೆ ದಾದಿಯರು ಕಾಂಗರೂ ಆರೈಕೆ ಆರಂಭಿಸಿದರು. ಬಟ್ಟೆಯ ಮರೆಯಿಲ್ಲದೆ ಕೂಸನ್ನು ಎದೆಗೆ ಆನಿಸಿಕೊಂಡು ಮೈಯ ಶಾಖದಲ್ಲಿಯೇ ಬೆಚ್ಚಗಿಡುವ ಕ್ರಮ ಇದು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ೧೯೭೮ರಲ್ಲಿ, ಬೆಚ್ಚನೆಯ ಪೆಟ್ಟಿಗೆಗಳು ಸಾಲದೆಹೋದಾಗ, ಎಡ್ಗರ್ ರೇ ಎಂಬ ವೈದ್ಯರು ಕಂಡುಕೊಂಡ ಉಪಾಯ ಈಗ ಲೋಕದಲ್ಲೆಲ್ಲ ಹರಡಿದೆ. ತಾಯಿಯೇ ಆಗಬೇಕೆಂದಿಲ್ಲ. ತಂದೆ, ಅಜ್ಜಿ, ಚಿಕ್ಕಮ್ಮ, ಯಾರ ಎದೆಯ ಬಿಸಿಯೂ ಆದೀತು.

ಒಂದು ಮಧ್ಯಾಹ್ನ ಸೊಸೆಗೆ ವಿಶ್ರಾಂತಿ ಬೇಕಾಗಿ, ದಾದಿ ಅತ್ತೆಯನ್ನು ಒಳಗೆ ಕರೆದಳು. ಕೈ ತೊಳೆಸಿ, ಒರಗುಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಅವರ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಬಿಗಿದಳು. "ಕಡೇಪಕ್ಷ ಒಂದು ಗಂಟೆ ಹೀಗೇ ಇರಬೇಕು ಅಜ್ಜಿ. ಗಡಿಯಾರ ಅಲ್ಲಿದೆ, ನೋಡಿಕೊಳ್ಳಿ" ಎಂದು ಹೇಳಿ ಹೋದಳು. ಎರಡು ಗಂಟೆಯ ಮೇಲೆ ಬಂದು ನೋಡಿದಾಗ ಅತ್ತೆ ಕದಲದೆ ಹಾಗೆಯೇ ಕುಳಿತಿದ್ದರು. ಮೊದಲ ಸಲ ಕೈಗೆ ಬಾರದೆ ಹೋದದ್ದು ಇಷ್ಟು ವರ್ಷಗಳ ಮೇಲೆ ಎದೆಗೇ ಬಂದಿತ್ತು.

೩೪ ದಿನಗಳಾದ ಮೇಲೆ, ೧೯೦೦ ಗ್ರಾಂ ತೂಗುವ ಮಗುವಿನೊಡನೆ ಅವರು ಮನೆಗೆ ಬಂದರು. ಹೊಸಿಲಲ್ಲಿ ಆರತಿ ಎತ್ತಿದ ದೊಡ್ಡಮ್ಮನವರು, ದೇವರ ಮುಂದೆ ಅಷ್ಟು ದಿನವೂ ಕಾದಿದ್ದ ಪೆಟ್ಟಿಗೆಯಿಂದ ಹಸಿರು ಬಳೆಗಳನ್ನು ತೆಗೆದು, ಮಗುವಿನ ಮೈಗೆ ತಾಗದಂತೆ ಎಚ್ಚರವಹಿಸಿ, ಬಾಣಂತಿಯ ಎರಡು ಕೈಗಳಿಗೂ ತೊಡಿಸಿದರು. ಸೀಮಂತದ ಬಳೆಯನ್ನು ಬಾಣಂತಿಗೆ ತೊಡಿಸುವ ಶಾಸ್ತ್ರ ಎಲ್ಲಿಯೂ ಇಲ್ಲವೆಂದು ಯಾರೋ ನೆನಪಿಸಿದರು. "ಈ ಕೂಸು ಶಾಸ್ತ್ರ ಕೇಳಿಕೊಂಡು ಬಂತೇ?" ಎಂದು ದೊಡ್ಡಮ್ಮ ಕೇಳಿದರು.

ಈಗ ಬಂಧುವರ್ಗದಲ್ಲಿ ಯಾರು ಬಸುರಿಯಾದರೂ ದೊಡ್ಡಮ್ಮನವರ ಉಪದೇಶ ತಪ್ಪಿದ್ದಲ್ಲ. ನೀರು ಹರಿದರೆ, ರಕ್ತ ಕಂಡರೆ, ಕೂಸಿನ ಅಲುಗಾಟ ಕಡಿಮೆಯಾದರೆ ಒಂದು ನಿಮಿಷವೂ ಕಾಯಕೂಡದು. ಸೊಂಟನೋವು ಬಿಡದೆ ಕಾಡಿದರೆ, ಕೆಳಗೆ ಒತ್ತಿದಂತಾದರೆ, ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಡಿದರೆ, ಬಿಳುಪು ಹೋಗುವ ರೀತಿ ಬದಲಾದರೆ ಆಗಲೇ ವೈದ್ಯೆಗೆ ತಿಳಿಸಬೇಕು. ಹೊಟ್ಟೆ ಬಿಗಿದರೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು. ಗಂಟೆಯೊಳಗೆ ನಾಲ್ಕು ಸಲ ಬಂದರೆ ಎದ್ದು ಹೊರಡಬೇಕು. ಎಣಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ.

"ಮತ್ತೆ ಜೀರಿಗೆ ಕಷಾಯ, ದೊಡ್ಡಮ್ಮ?" ಎಂದು ಹುಡುಗಿಯರು ಕೆಣಕುತ್ತಾರೆ.

"ಅದಕ್ಕೇನು, ಆಸ್ಪತ್ರೆಯಿಂದ ಏನೂ ಇಲ್ಲ ಅಂತ ವಾಪಸ್ ಬಂದ ಮೇಲೆ ಮಾಡಿಕೊಡ್ತೀನಿ" ಎನ್ನುತ್ತಾರೆ ದೊಡ್ಡಮ್ಮ.